ಅತ್ತೆಗೆ ಊಟದ ಹೊತ್ತು

ಆಸ್ಪತ್ರೆಯ ನೆಲಮಾಳಿಗೆಯಿಂದ,
ಭಾನುವಾರ ಮಧ್ಯಾಹ್ನ

ನಮ್ಮ ಅತ್ತೆಯ ಹಿರಿಯ ಮಗನಿಗೆ,

‘ಪ್ರಿಯ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಬರೀ ಹೆಸರು ಬರೆದರೆ ಕೋರ್ಟಿನ ನೋಟಿಸಿನ ಹಾಗೆ ಕಂಡಿತು. ನಮ್ಮಿಬ್ಬರ ನಡುವೆ ಸದ್ಯಕ್ಕೆ ತಕರಾರಿಲ್ಲದೆ ಉಳಿದಿರುವ ಸಂಬಂಧ ಅತ್ತೆಯದೊಂದೇ, ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ. ನೀವು ಆರೋಗ್ಯವಾಗಿದ್ದೀರಿ ಎಂದುಕೊಳ್ಳುತ್ತೇನೆ. ನನಗೆ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇಲ್ಲ. ಕೂತರೆ ಏಳಲು ಮನಸ್ಸಾಗುವುದಿಲ್ಲ, ಅಷ್ಟೆ.

ನಿಮ್ಮ ಸಂದೇಶವನ್ನು ಲಿಫ್ಟಿನೊಳಗೆ ಓದಿದೆ, ಊಟದ ತಟ್ಟೆಗಳ ಗಾಡಿಗೆ ಒರಗಿಕೊಂಡು. “ತಮ್ಮ ಎಲ್ಲಾ ಹೇಳಿದ. ನನ್ನ ಮೇಲಿನ ಸಿಟ್ಟನ್ನ ಅಮ್ಮನ ಹೊಟ್ಟೆ ಮೇಲೆ ತೀರಿಸ್ಕೋಬೇಡ” ಎಂದಿತ್ತು. ಲಿಫ್ಟು ಮೇಲೆ ಹೋಗಿ ಮತ್ತೆ ಕೆಳಗೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಆಗಲೇ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮ ಮಾತು ಎರಡು ವಾಕ್ಯ ದಾಟುವುದರೊಳಗೆ ಕೆಡುತ್ತದೆ. ನೀವು “ಸರಿ ಬಿಡು” ಅನ್ನುತ್ತೀರಿ, ನಾನು ಬಿಟ್ಟುಬಿಡುತ್ತೇನೆ. ಕಾಗದದಲ್ಲಿ ನೀವು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ತಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವರು ಹೇಳಿದ್ದು ಡಾಕ್ಟರ ಜೊತೆ ಮೀಟಿಂಗ್ ನಡೆದ ದಿನದ ಕಥೆ. ಆಮೇಲೆ ಏನೇನಾಯಿತು ಎಂಬುದು ನಿಮಗೆ ಗೊತ್ತಿಲ್ಲ.

ಮೊದಲಿಂದ ಹೇಳುತ್ತೇನೆ. ಅತ್ತೆ ಬಿದ್ದದ್ದು ನಿಮ್ಮ ತಮ್ಮನ ಮನೆಯ ಬಚ್ಚಲಿನಲ್ಲಿ. ಆಂಬುಲೆನ್ಸು ಹತ್ತಿರವಾಗುತ್ತದೆ ಎಂದು ನಮ್ಮ ಆಸ್ಪತ್ರೆಗೇ ತಂದಿತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಸೋತಿದ್ದವು. ಮಾತು ತೊದಲುತ್ತಿತ್ತು, ಆದರೆ ಬುದ್ಧಿ ಮೊದಲಿನಷ್ಟೇ ಚುರುಕು. ನನ್ನನ್ನು ಕಂಡವರೇ ಮಾಡಿದ ಮೊದಲ ಕೆಲಸವೆಂದರೆ ನನ್ನ ಬಿಳಿ ಕೋಟಿನ ಬಿಟ್ಟ ಹೊಲಿಗೆಯನ್ನು ಎಡಗೈಯ ಬೆರಳಲ್ಲಿ ಮುಟ್ಟಿ ತೋರಿಸಿದ್ದು. ಜೀವಮಾನವೆಲ್ಲ ಊರವರ ಬಟ್ಟೆ ಹೊಲಿದವರು, ಹೆಣದ ಬಟ್ಟೆಯಲ್ಲೂ ಹೊಲಿಗೆ ಸರಿಯಿದೆಯೇ ಎಂದು ನೋಡುವವರು.

ಕೈಕಾಲಿಗಿಂತ ದೊಡ್ಡ ತೊಂದರೆ ಗಂಟಲಿನದು. ನುಂಗಿದ್ದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹಾಗಾದಾಗ ಮೂಗಿನಿಂದ ಹೊಟ್ಟೆಗೆ ಒಂದು ನಳಿಕೆ ಹಾಕಿ ದ್ರವಾಹಾರ ಬಿಡುತ್ತಾರೆ. ಎಷ್ಟು ಬಿಡಬೇಕು, ಯಾವುದನ್ನು, ಎಷ್ಟು ಹೊತ್ತಿಗೊಮ್ಮೆ ಎಂದು ಬರೆಯುವುದು ನನ್ನ ಕೆಲಸ. ಇವರು ನಮ್ಮ ಅತ್ತೆ, ಬೇರೆಯವರು ನೋಡಿಕೊಳ್ಳಲಿ ಎಂದು ನಮ್ಮ ಪಥ್ಯಾಹಾರ ವಿಭಾಗದಲ್ಲಿ ಕೇಳಿದೆ. ಬೇರೆಯವರು ಅಂದರೆ ಯಾರು? ಇಡೀ ಆಸ್ಪತ್ರೆಗೆ ನಾವು ಮೂವರು. ನಾವೆಲ್ಲ ಹಿರಿಯಕ್ಕ ಎಂದು ಕರೆಯುವ ನಮ್ಮ ಮುಖ್ಯಸ್ಥೆ ತಲೆಯೆತ್ತದೆಯೇ, “ನಿಮ್ಮತ್ತೆ ಅಂತ ಉಪ್ಪು ಜಾಸ್ತಿ ಬರೆದುಬಿಡ್ತೀಯಾ? ಹೋಗು, ನೀನೇ ಬರಿ” ಅಂದರು. ಬರೆದೆ. ಬೇರೆ ಎಷ್ಟೋ ಜನರಿಗೆ ಬರೆದ ಹಾಗೆಯೇ ಬರೆದೆ.

ಅತ್ತೆ ನಳಿಕೆಯನ್ನು ಎಡಗೈಯಲ್ಲಿ ಕಿತ್ತು ಹಾಕಿದರು. ಸಿಸ್ಟರು ಮತ್ತೆ ಹಾಕಿದರು, ಅತ್ತೆ ಮತ್ತೆ ಕಿತ್ತರು. ಕೊನೆಗೆ ಸಿಸ್ಟರು ಅವರ ಎಡಗೈಗೆ ದಪ್ಪನೆಯ ಬಟ್ಟೆಯ ಚೀಲ ತೊಡಿಸಿ, ಮಂಚದ ಸರಳಿಗೆ ಪಟ್ಟಿಯಿಂದ ಕಟ್ಟಿದರು. ಸಿಸ್ಟರನ್ನು ಬೈಯಬೇಡಿ. ಅವರಿಗೂ ನೋಡಿಕೊಳ್ಳಬೇಕಾದ ಮಂಚಗಳು ಎಣಿಕೆ ಮೀರಿ ಇವೆ. ನಾನು ಬೆಳಗಿನ ರೌಂಡಿಗೆ ಹೋದಾಗ ಅತ್ತೆ ಆ ಚೀಲವನ್ನು ಎತ್ತಲು ನೋಡಿ, ಎತ್ತಲಾಗದೆ, “ಕೈ ಬಿಚ್ಚೇ” ಅಂದರು. ಪಕ್ಕದಲ್ಲಿ ಕೂತಿರುವಷ್ಟು ಹೊತ್ತು ಬಿಚ್ಚಿಟ್ಟೆ. ಆ ಕೈಯನ್ನು ಮೂಗಿನ ಹತ್ತಿರಕ್ಕೆ ಒಯ್ಯಲಿಲ್ಲ ಅವರು. ತುಟಿಯ ಮೇಲಿಟ್ಟು ಎರಡು ಸಲ ತಟ್ಟಿದರು. ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಎದ್ದು ಮತ್ತೆ ಕಟ್ಟಿ ಬಂದೆ. ಮುಂದಿನ ವಾರ್ಡಿನಲ್ಲಿ ಜನ ಕಾಯುತ್ತಿದ್ದರು.

ನನ್ನ ಕೆಲಸದ ಬಗ್ಗೆ ನಿಮಗೆ ಎಂದೂ ಸರಿಯಾಗಿ ಹೇಳಿಲ್ಲ. ಮನೆಗೆ ಬರುವಷ್ಟರಲ್ಲಿ ನನ್ನಲ್ಲಿ ಮಾತು ಉಳಿದಿರುತ್ತಿರಲಿಲ್ಲ. ನೀವು ಕೇಳುತ್ತಿದ್ದಿರಿ, ನಾನು “ಅದೇ, ಎಂದಿನ ಹಾಗೆ” ಅನ್ನುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಅತ್ತೆಯೂ ಕೇಳಿದ್ದರು, “ಉಪ್ಪು ಹಾಕ್ಬೇಡಿ ಅನ್ನೋಕೂ ಡಿಗ್ರಿ ಬೇಕಾ?” ಎಂದು. ನೀವು ನಕ್ಕಿದ್ದಿರಿ, ನಾನೂ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಅದು ಅಷ್ಟೇನೂ ತಪ್ಪು ಪ್ರಶ್ನೆಯಲ್ಲ. ಜನರ ಬಾಯಿಂದ ತುತ್ತು ಕಿತ್ತುಕೊಳ್ಳುವ ಉದ್ಯೋಗ ನಮ್ಮದು. ಮೂತ್ರಪಿಂಡ ಕೆಟ್ಟವನಿಗೆ ನೀರು ಕುಡಿಯಬೇಡ ಅನ್ನಬೇಕು. ಎದೆಯ ಆಪರೇಷನ್ ಆದವನಿಗೆ ಅವನ ಹೆಂಡತಿ ಸೆರಗಿನಲ್ಲಿ ಮುಚ್ಚಿ ತಂದ ಡಬ್ಬಿಯನ್ನು ತೆಗೆಸಬೇಕು. ಸಕ್ಕರೆ ಕಾಯಿಲೆಯ ಮುದುಕಿ, “ನಂಗಿನ್ನೇನು ಸುಖ ಉಳಿದಿದೆ, ಹೇಳಮ್ಮ” ಅಂದಾಗ ಅದಕ್ಕೊಂದು ಉತ್ತರವನ್ನೂ ಇಟ್ಟುಕೊಂಡಿರಬೇಕು. ಮನೆಗೆ ಹೊರಟ ರೋಗಿ ಚಪ್ಪಲಿ ಮೆಟ್ಟಿಕೊಂಡ ಮೇಲೆ ಡಾಕ್ಟರು ನಮ್ಮನ್ನು ಕರೆಯುತ್ತಾರೆ, “ಐದು ನಿಮಿಷ, ಊಟದ ಬಗ್ಗೆ ಒಂದ್ಮಾತು ಹೇಳಿ ಕಳಿಸಿ” ಎಂದು. ಅವನು ಅರವತ್ತು ವರ್ಷ ಉಂಡದ್ದನ್ನು ನಾವು ಐದು ನಿಮಿಷದಲ್ಲಿ ತಿದ್ದಬೇಕು. ಅವನ ಒಂದು ಕಣ್ಣು ಬಾಗಿಲಿನಲ್ಲಿ ಕಾಯುತ್ತಿರುವ ಆಟೋದ ಮೇಲಿರುತ್ತದೆ.

ನಾವು ಮೂವರೂ ಮಧ್ಯಾಹ್ನ ನೆಲಮಾಳಿಗೆಯ ಈ ಕೋಣೆಯಲ್ಲೇ ಡಬ್ಬಿ ಬಿಚ್ಚುವುದು. ಪಕ್ಕದ ಅಡುಗೆಮನೆಯ ಹಬೆಗೆ ಗೋಡೆ ಸದಾ ಬೆವರುತ್ತಿರುತ್ತದೆ. ಒಂದು ದಿನ ಹಿರಿಯಕ್ಕ ಅಂದರು, “ಯಾರಿಗೆ ಎಷ್ಟು ಕೊಡಬೇಕು ಅಂತ ಬರೆಯೋದು ಕಷ್ಟ ಅಲ್ಲ ಕಣೆ. ಬರೆದದ್ದು ತಟ್ಟೆಯಲ್ಲಿ ಹೋಗಿ ಹಾಗೇ ವಾಪಸ್ ಬರುತ್ತಲ್ಲ, ಅದು.” ಕೈಯಲ್ಲಿ ಶಕ್ತಿಯಿಲ್ಲದ ರೋಗಿಯ ಮುಂದೆ ತಟ್ಟೆ ಇಟ್ಟು ಹೋಗುತ್ತಾರೆ, ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆಯದ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಾರೆ. ‘ರೋಗಿ ಊಟ ನಿರಾಕರಿಸಿದರು’ ಎಂದು ದಾಖಲಾಗುತ್ತದೆ. ಇನ್ನೊಬ್ಬಳು, ನಾವು ಕನ್ನಡಕ ಎಂದು ಕರೆಯುವವಳು, “ತೂಕ ಇಳಿದರೆ ಮಾತ್ರ ನಮ್ಮ ಹೆಸರು ನೆನಪಾಗುತ್ತೆ, ಏರಿದರೆ ಡಾಕ್ಟರ ಹೆಸರು” ಅಂದಳು. ಮೂವರೂ ನಕ್ಕೆವು. ನಗುತ್ತಲೇ ಹಿರಿಯಕ್ಕ ತಮ್ಮ ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿದರು. ಮೇಲಿನಿಂದ ಕರೆ ಬಂದಿತ್ತು.

ಸರಿ, ಮೀಟಿಂಗಿನ ವಿಷಯಕ್ಕೆ ಬರುತ್ತೇನೆ. ಮೂಗಿನ ನಳಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಅದನ್ನು ತೆಗೆದು ಹೊಟ್ಟೆಗೇ ತೂತು ಮಾಡಿ ಅಲ್ಲಿಂದ ನಳಿಕೆ ಹಾಕೋಣ ಎಂದು ದೊಡ್ಡ ಡಾಕ್ಟರು ಯೋಚಿಸಿದರು. ನಿಮ್ಮ ತಮ್ಮನನ್ನು ಕರೆಸಿದರು. ನುಂಗುವುದನ್ನು ಪರೀಕ್ಷಿಸುವ ತಜ್ಞೆ ಇದ್ದಳು, ನಾನೂ ಇದ್ದೆ. ಇಂಥ ಮೀಟಿಂಗಿನಲ್ಲಿ ನನ್ನ ಮಾತು ಏನೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ: ಬಾಯಿಂದ ಹೋಗುವುದು ಸಾಲದು, ನಳಿಕೆ ಹಾಕಿ. ಎಷ್ಟೋ ವರ್ಷದಿಂದ ಅದನ್ನೇ ಹೇಳುತ್ತ ಬಂದವಳು ನಾನು. ಎಷ್ಟೋ ಜನ ಅದರಿಂದಲೇ ಚೇತರಿಸಿಕೊಂಡು ನಡೆದು ಮನೆಗೆ ಹೋಗಿದ್ದಾರೆ. ಆದರೆ ಅತ್ತೆಯ ವಿಷಯದಲ್ಲಿ ತಜ್ಞೆ ಹೇಳಿದ್ದು ಬೇರೆ. ಗಂಟಲು ಮತ್ತೆ ಪೂರ್ತಿ ಸರಿಹೋಗುವ ಲಕ್ಷಣವಿಲ್ಲ. ಹೃದಯವೂ ದುರ್ಬಲವಾಗಿದೆ. ಮಂದವಾಗಿಸಿದ ಆಹಾರವನ್ನು, ನೆಟ್ಟಗೆ ಕೂರಿಸಿ, ಅರ್ಧರ್ಧ ಚಮಚ ಕೊಟ್ಟರೆ ಒಂದಿಷ್ಟು ನುಂಗಬಲ್ಲರು, ಅದರಲ್ಲೂ ಅಪಾಯ ಇದ್ದೇ ಇದೆ ಎಂದಳು. ಹೊಟ್ಟೆಯ ನಳಿಕೆಯಿಂದ ದಿನಗಳು ಹೆಚ್ಚಬಹುದು. ಆದರೆ ಅದನ್ನೂ ಕೀಳದ ಹಾಗೆ ಕೈಯನ್ನು ಕಟ್ಟಿಯೇ ಇಡಬೇಕಾದೀತು.

ಡಾಕ್ಟರು ನನ್ನ ಕಡೆ ತಿರುಗಿದರು. “ನಳಿಕೆ ಬೇಡ ಅಂತ ನನ್ನ ಅಭಿಪ್ರಾಯ. ಬಾಯಿಗೇ ಕೊಡೋಣ, ಎಷ್ಟು ಹೋಗುತ್ತೋ ಅಷ್ಟು” ಅಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ನಿಮ್ಮ ತಮ್ಮ ಕುರ್ಚಿಯಿಂದ ಎದ್ದುಬಿಟ್ಟರು. “ಅತ್ತಿಗೆ, ಅಷ್ಟರಲ್ಲಿ ಹೊಟ್ಟೆ ತುಂಬುತ್ತಾ?” ಎಂದು ಕೇಳಿದರು. ತುಂಬುವುದಿಲ್ಲ ಅಂದೆ. “ಅಂದ್ರೆ ಅಮ್ಮ ಉಪವಾಸ ಸಾಯಲಿ ಅಂತೀರಾ? ಅಣ್ಣ ನಿಮ್ಮನ್ನ ಬಿಟ್ಟು ಹೋದ ಅಂತ ಹೀಗೆ ಮಾಡ್ತಿದೀರಾ?” ಅಂದರು. ಎಲ್ಲರೆದುರಿಗೆ. ತಜ್ಞೆ ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಕೂತಳು. ನಾನು ಅಳಲಿಲ್ಲ. ಸಿಟ್ಟೂ ಬರಲಿಲ್ಲ ಅಂದರೆ ನಂಬುತ್ತೀರಾ? ಇವರಿಗೆ ಉತ್ತರ ಕೊಡಲು ಎಷ್ಟು ವಾಕ್ಯ ಬೇಕಾಗುತ್ತದೋ ಎಂದು ಯೋಚಿಸಿಯೇ ಸುಸ್ತಾಯಿತು.

ಆಗ ಡಾಕ್ಟರು ಒಂದು ಒಳ್ಳೆಯ ಕೆಲಸ ಮಾಡಿದರು. “ಅವರನ್ನೇ ಕೇಳೋಣ, ಪ್ರಜ್ಞೆ ಇದೆಯಲ್ಲ” ಎಂದು ನಮ್ಮನ್ನೆಲ್ಲ ಎಬ್ಬಿಸಿಕೊಂಡು ಅತ್ತೆಯ ಮಂಚದ ಹತ್ತಿರ ಹೋದರು. ಕುರ್ಚಿ ಎಳೆದು ಕೂತು, ನಿಧಾನವಾಗಿ, ಒಂದೊಂದನ್ನೇ ಬಿಡಿಸಿ ಹೇಳಿದರು. ನಳಿಕೆ ಹಾಕಿದರೆ ಏನು, ಹಾಕದಿದ್ದರೆ ಏನು, ಕೆಮ್ಮಿ ಜ್ವರ ಬಂದರೆ ಏನಾಗಬಹುದು, ಎಲ್ಲವನ್ನೂ. ಸಾವು ಎಂಬ ಮಾತನ್ನೂ ಬಿಡಲಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತೊದಲುತ್ತ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, “ನಂಗೆ ಬಾಯಿದೆ” ಅಂದರು.

ಅತ್ತೆಗೆ ಬಾಯಿದೆ ಎಂದು ನಮ್ಮ ಮನೆತನದಲ್ಲಿ ಯಾರಿಗೆ ಗೊತ್ತಿಲ್ಲ? ನನಗೆ ನಗು ಬಂತು. ನಿಮ್ಮ ತಮ್ಮನಿಗೂ ಒಂದು ಕ್ಷಣ ತುಟಿ ಅಲುಗಿತು, ನಾನು ನೋಡಿದೆ. ಅದು ನನಗೆ ಕಂಡಿತೆಂದೇ ಇರಬೇಕು, ಅವರು ಮುಖ ತಿರುಗಿಸಿಕೊಂಡು ಹೊರಟುಹೋದರು. ನಿಮಗೆ ಫೋನ್ ಮಾಡಿದ್ದು ಆಗಲೇ. ಅತ್ತೆ ಹೇಳಿದ್ದನ್ನು ಅವರು ನಿಮಗೆ ಹೇಳಿದರೋ ಇಲ್ಲವೋ ನನಗೆ ತಿಳಿಯದು.

ನಳಿಕೆ ತೆಗೆದರು, ಚೀಲವನ್ನೂ ಬಿಚ್ಚಿದರು. ‘ಬಾಯಿಯ ಮೂಲಕ, ರೋಗಿ ಬಯಸಿದಷ್ಟು’ ಎಂದು ನಾನೇ ಬರೆದೆ. ಬರೆಯುವುದೇನು, ಒಂದು ಸಾಲು. ಮಧ್ಯಾಹ್ನ ಹೋಗಿ ನೋಡಿದರೆ ತಟ್ಟೆ ಮುಚ್ಚಿಕೊಂಡು ಹಾಗೇ ಕೂತಿದೆ. ಅತ್ತೆ ಅದನ್ನು ನೋಡುತ್ತ ಮಲಗಿದ್ದಾರೆ. ಸಿಸ್ಟರು ದೂರದಿಂದಲೇ, “ಮೇಡಂ, ಒಬ್ಬರಿಗೆ ಅರ್ಧ ಗಂಟೆ ಚಮಚ ಹಿಡಿದು ಕೂತ್ರೆ ಉಳಿದವರಿಗೆ ಇಂಜೆಕ್ಷನ್ ಯಾರು ಕೊಡ್ತಾರೆ?” ಅಂದರು. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದರು. ಇಷ್ಟು ವರ್ಷ ನಾನು ಬರೆದ ಸಾಲುಗಳೆಲ್ಲ ಯಾರ ಕೈಗೆ ಹೋಗಿ ಬೀಳುತ್ತಿದ್ದವು ಎಂದು ಆ ಹೊತ್ತಿಗೆ ಕಣ್ಣಿಗೆ ಕಟ್ಟಿತು. ಕೋಟು ಬಿಚ್ಚಿಟ್ಟು ಕೂತೆ.

ಅಂದಿನಿಂದ ಬೆಳಿಗ್ಗೆ ಮತ್ತು ಮಧ್ಯಾಹ್ನ ನಾನೇ ಉಣಿಸುತ್ತಿದ್ದೇನೆ, ನನ್ನ ತಿಂಡಿಯ, ಊಟದ ಹೊತ್ತಿನಲ್ಲಿ. ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸುವುದು. ಅರ್ಧ ಚಮಚ. ಗದ್ದವನ್ನು ಎದೆಯ ಕಡೆ ಬಗ್ಗಿಸಿ ಎನ್ನುವುದು. ನುಂಗಿದರೇ ಎಂದು ಗಂಟಲು ನೋಡುವುದು. ಇನ್ನೊಮ್ಮೆ ನುಂಗಿ ಎನ್ನುವುದು. ಆಮೇಲೆ ಇನ್ನರ್ಧ ಚಮಚ. ಮೊದಲ ದಿನ ಏನು ಬೇಕು ಎಂದು ಕೇಳಿದರೆ ಕಾಫಿ ಅಂದರು. ನೀರಿನಂಥ ಕಾಫಿ ಅವರ ಗಂಟಲಿಗೆ ಆಗದು, ಪಿಷ್ಟದ ಪುಡಿ ಬೆರೆಸಿ ಮಂದ ಮಾಡಬೇಕು. ಒಂದು ಚಮಚ ಬಾಯಲ್ಲಿಟ್ಟುಕೊಂಡು, ಯೋಚಿಸಿ, ನುಂಗಿ, “ಇದನ್ನ ಹಚ್ಚಿ ಕಾಲರ್ ಅಂಟಿಸಬಹುದು” ಅಂದರು. ಆದರೂ ಅರ್ಧ ಲೋಟ ಮುಗಿಸಿದರು. ಮುಗಿಸಿ ಕಣ್ಣು ಮುಚ್ಚಿದಾಗ ಅವರ ಮುಖ ನೀವು ನೋಡಬೇಕಿತ್ತು.

ನಿಮಗೆ ತಿಳಿಯಲೇಬೇಕಾದ ಇನ್ನೊಂದು ಸಂಗತಿ ಇದೆ. ನಿಮ್ಮ ತಮ್ಮ ಕೆಲವು ದಿನ ಬರಲೇ ಇಲ್ಲ. ಕೊನೆಗೆ ಒಂದು ಸಂಜೆ ಬಂದರು, ಬಾಗಿಲಲ್ಲೇ ನಿಂತರು. ಅಂದು ಮಧ್ಯಾಹ್ನ ನಾನು ಬೇಯಿಸಿದ ಹಣ್ಣಿನ ತಿರುಳು ಉಣಿಸುವಾಗ ಅತ್ತೆ ಕೆಮ್ಮಿದ್ದರು. ಸಂಜೆಯ ಹೊತ್ತಿಗೆ ಜ್ವರ ಏರಿ, ಉಸಿರು ಗೊರಗೊರ ಅನ್ನುತ್ತಿತ್ತು. ನಾನೇ ಎದ್ದು ಹೋಗಿ, “ನನ್ನ ಕೈಯಲ್ಲಿ ಉಣ್ಣುವಾಗ ಆದದ್ದು” ಎಂದು ಹೇಳಿದೆ. ಕಿರುಚುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಮಂಚದ ಪಕ್ಕ ಕೂತು ಅಮ್ಮನ ಎಡಗೈಯನ್ನು ಕೈಯಲ್ಲಿ ತೆಗೆದುಕೊಂಡು, ಚೀಲದ ಪಟ್ಟಿ ಕೊರೆದಿದ್ದ ಗುರುತನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಆಮೇಲೆ, “ಅತ್ತಿಗೆ, ಇದು ಹೀಗೇ ಆಗುತ್ತೆ ಅಂತ ಗೊತ್ತಿತ್ತಲ್ವಾ ನಿಮಗೆ?” ಎಂದು ಕೇಳಿದರು. ಗೊತ್ತಿತ್ತು ಅಂದೆ. “ಅಮ್ಮನಿಗೂ ಗೊತ್ತಿತ್ತು” ಅಂದರು, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ.

ಔಷಧಿಗೆ ಜ್ವರ ಇಳಿಯಿತು. ಆದರೆ ಅತ್ತೆ ಒಂದು ಮೆಟ್ಟಿಲು ಕೆಳಗಿಳಿದರು, ಅದನ್ನು ಮತ್ತೆ ಹತ್ತಲಿಲ್ಲ. ಜ್ವರ ಬಿಟ್ಟ ಸಂಜೆ ನಿಮ್ಮ ತಮ್ಮ ಸೂಪಿನ ಬಟ್ಟಲನ್ನು ನನ್ನ ಕೈಯಿಂದ ಇಸಿದುಕೊಂಡು, “ಎಷ್ಟು ತಗೋಬೇಕು, ತೋರಿಸಿ” ಅಂದರು. ತೋರಿಸಿದೆ. ಆ ದೊಡ್ಡ ಕೈಯಲ್ಲಿ ಚಮಚ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿತು. ಅತ್ತೆ ಬಾಯಿ ತೆರೆದು ಕಾಯುತ್ತಲೇ ಇದ್ದರು, ಮಗನನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ಈಗ ಸಂಜೆಯ ಸೂಪು ಅವರದ್ದೇ. ನನಗಿಂತ ನಿಧಾನ, ನನಗಿಂತ ಜಾಗ್ರತೆ. ಅವರು ಉಣಿಸುವಾಗ ಅತ್ತೆ ಒಂದು ಸಲವೂ ಕೆಮ್ಮಿಲ್ಲ. ನಿಮಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ ಎಂದರೆ ನಾಚಿಕೊಳ್ಳುತ್ತಾರೆ. “ನೀವೇ ಹೇಳಿ ಅತ್ತಿಗೆ, ನಾನಾಗಲೇ ಬಾಯಿಗೆ ಬಂದಂಗೆ ಹೇಳಿಬಿಟ್ಟಿದೀನಿ” ಅಂದರು.

ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಅತ್ತೆ ತಿನ್ನುತ್ತಿರುವುದು ದೇಹ ಉಳಿಯಲು ಸಾಲದು. ಅವರ ತೋಳಿನ ಸುತ್ತಳತೆ ಹಿಡಿಯಲು ನನಗೆ ಟೇಪು ಬೇಕಿಲ್ಲ, ಕೂರಿಸುವಾಗ ಕೈಗೆ ತಿಳಿಯುತ್ತದೆ. ಬೇರೆ ರೋಗಿಯಾಗಿದ್ದರೆ ದಿನವೂ ಡಾಕ್ಟರ ಬೆನ್ನು ಹತ್ತಿ ‘ಸಾಲದು, ಸಾಲದು’ ಎಂದು ಬರೆಯುತ್ತಿದ್ದೆ. ಒಮ್ಮೊಮ್ಮೆ ಮೆಟ್ಟಿಲಿಳಿಯುವಾಗ, ನಿಮ್ಮ ತಮ್ಮ ಅಂದದ್ದರಲ್ಲಿ ನಿಜವಿತ್ತೇ ಎಂದು ನನ್ನನ್ನೇ ತಡಕಾಡಿಕೊಂಡಿದ್ದೇನೆ. ನಿಮ್ಮ ಮೇಲೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಅದು ಅತ್ತೆಯ ಮಂಚದ ಹತ್ತಿರ ಬಂದದ್ದು ಮಾತ್ರ ನನಗೆ ಕಂಡಿಲ್ಲ. ಅಲ್ಲಿ ಕೂರುವ ಅರ್ಧ ಗಂಟೆ ಇಡೀ ದಿನದಲ್ಲಿ ನನ್ನನ್ನು ಯಾರೂ ಬೇರೆ ಕಡೆ ಕರೆಯದ ಹೊತ್ತು.

ಇನ್ನು ಬಹಳ ದಿನವಿಲ್ಲ ಅನ್ನುತ್ತಿದ್ದಾರೆ ಡಾಕ್ಟರು. ಬನ್ನಿ. ಬಂದು ನೋಡಿದ ಮೇಲೂ ನಳಿಕೆಯೇ ಸರಿ ಅನ್ನಿಸಿದರೆ ಅತ್ತೆಯ ಮುಖ ನೋಡಿಕೊಂಡು ಅದನ್ನು ಅವರಿಗೇ ಹೇಳಿ. ಅವರು ಒಪ್ಪಿದರೆ ನಾನು ಅಡ್ಡ ಬರುವುದಿಲ್ಲ. ಇಲ್ಲವಾದರೆ ಸಂಜೆಯ ಭೇಟಿಯ ಹೊತ್ತಿಗೆ ಕೈ ತೊಳೆದುಕೊಂಡು ತಮ್ಮನ ಪಕ್ಕ ಕೂತುಕೊಳ್ಳಿ. ಅವರು ಹೇಳಿಕೊಡುತ್ತಾರೆ. ಅತ್ತೆ ನಿಮ್ಮನ್ನು ಕೇಳಿದರೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನೆ ಕಾಫಿ ಕುಡಿಯುತ್ತ, “ದೊಡ್ಡೋನು ಊಟಕ್ಕೆ ಬಂದ್ನಾ?” ಅಂದರು. ಇನ್ನೂ ಬಂದಿಲ್ಲ ಅಂದೆ. “ಅವನಿಗೆ ತೆಗೆದಿಡು” ಅಂದರು.

ಮೇಲೆ ಹೋಗುವ ಹೊತ್ತಾಯಿತು. ತಟ್ಟೆಗಳ ಗಾಡಿ ಹೊರಟ ಸದ್ದು ಕೇಳಿಸುತ್ತಿದೆ.

ಇಂತಿ,
ನಿಮ್ಮ ಹೆಂಡತಿ

ಮಡಚುವ ಮೊದಲು ಇದೊಂದು: ಅತ್ತೆ ಬೀಳುವ ಹಿಂದಿನ ವಾರ ನಾನು ಈ ಕೆಲಸ ಬಿಡುತ್ತೇನೆಂದು ಹೇಳಿಯಾಗಿತ್ತು. ನೀವು ವರ್ಷಗಟ್ಟಲೆ ಬಿಡು, ಬಿಡು ಎಂದಾಗ ಬಿಡದವಳು ನೀವು ಹೋದ ಮೇಲೆ ಬಿಟ್ಟೆನೆಂದು ಯಾವ ಬಾಯಲ್ಲಿ ಹೇಳಲಿ ಎಂದು ಸುಮ್ಮನಿದ್ದೆ. ಅತ್ತೆ ಬಂದ ಮರುದಿನ ಹೋಗಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಆಡಳಿತದವರಿಗೆ ಖುಷಿಯಾಯಿತು, ನಿಮ್ಮಂಥ ನಿಷ್ಠಾವಂತರು ಬೇಕು ಅಂದರು. ನಾನು ತಿದ್ದಲು ಹೋಗಲಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಹೊರಗಿನವರನ್ನು ವಾರ್ಡಿಗೆ ಬಿಡುವುದಿಲ್ಲ. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇದ್ದವರಿಗಷ್ಟೇ ಬಾಗಿಲು ತೆರೆಯುತ್ತದೆ. ಅತ್ತೆಗೆ ಈ ವಿಷಯ ಗೊತ್ತಿಲ್ಲ. ನೀವೂ ಹೇಳಬೇಡಿ.